ಮಾವ ಬಿಟ್ಟಿದ್ದ ಹುರುಳಿ

ನಮ್ಮ ಮಾವ ತಿಮ್ಮಯ್ಯನವರು ಬೆಲ್ಲದ ಕೆಲಸದವರು. ಹುಟ್ಟಿದ್ದು ಮಂಡ್ಯದ ಕಡೆ. ಮೀಸೆ ಬರುವ ಮೊದಲೇ ಆಲೆಮನೆ ಸೇರಿದರು. ಮೊದಲು ಗಾಣದ ಎತ್ತುಗಳಿಗೆ ಹುರುಳಿ ಬೇಯಿಸಿ ಹಾಕುವ ಕೆಲಸ. ಆಮೇಲೆ ಒಲೆಗೆ ಕಬ್ಬಿನ ಸಿಪ್ಪೆ ತಳ್ಳುವುದು. ಕೊನೆಗೆ ಕೊಪ್ಪರಿಗೆಯ ಮುಂದೆ ನಿಂತು ಪಾಕ ನೋಡುವುದು. ಆಂಧ್ರದ ಅನಕಾಪಲ್ಲಿಯ ಬೆಲ್ಲದ ವ್ಯಾಪಾರಿಯೊಬ್ಬರು ಕರೆದರು ಅಂತ ಈ ಕಡೆ ಬಂದವರು ವಾಪಸ್ ಹೋಗಲಿಲ್ಲ. ಊರಿಗೆ ಹೋಗಿ ಮದುವೆ ಮಾಡಿಕೊಂಡು ಹೆಂಡತಿಯನ್ನು ಕರೆತಂದರು. ಇಬ್ಬರು ಗಂಡುಮಕ್ಕಳೂ ಅನಕಾಪಲ್ಲಿಯಲ್ಲೇ ಹುಟ್ಟಿದರು.

ದೊಡ್ಡ ಮಗ ಜಗದೀಶ್, ನನ್ನ ಯಜಮಾನರು. ವಿಶಾಖಪಟ್ಟಣದಲ್ಲಿ ಹಡಗು ರಿಪೇರಿ ಮಾಡುವ ಕಡೆ ವೆಲ್ಡರ್ ಆಗಿದ್ದರು. ಚಿಕ್ಕವನು ಅನಿಲ್‌ಕುಮಾರ್, ವಿಜಯವಾಡದ ಒಂದು ಕಾರಿನ ಶೋರೂಮಿನಲ್ಲಿ ಇದ್ದಾನೆ. ಅವನ ಹೆಂಡತಿ ಹೈಮಾವತಿ ತೆಲುಗಿನವಳು. ಅವರ ಮನೆ ಅಲ್ಲೇ ಪಟಮಟದಲ್ಲಿ. ಅತ್ತೆ ತೀರಿಕೊಂಡ ಮೇಲೆ ಮಾವ ವಿಶಾಖಪಟ್ಟಣದ ಗಾಜುವಾಕದಲ್ಲಿ ನಮ್ಮ ಜೊತೆಗೇ ಇದ್ದರು. ನಮಗೆ ಮಕ್ಕಳಿಲ್ಲ.

ಬೆಲ್ಲದ ಕೆಲಸ ಜೋರಾಗುವುದು ಚಳಿಗಾಲದಲ್ಲಿ. ವರ್ಷಗಟ್ಟಲೆ ಒಲೆಯ ಹೊಗೆ ಕುಡಿದು ಮಾವನ ಎದೆ ಹಾಳಾಗಿತ್ತು. ವಿಶಾಖಪಟ್ಟಣದ ಚಳಿ ಏನು ಮಹಾ ಅನ್ನುತ್ತಾರೆ. ಸಮುದ್ರದ ಕಡೆಯಿಂದ ತೇವ ಬರುತ್ತದೆ, ರಸ್ತೆಯ ಧೂಳು ಅದಕ್ಕೆ ಸೇರುತ್ತದೆ. ಹಾಳಾದ ಎದೆಗೆ ಅಷ್ಟು ಸಾಕು. ಕಾರ್ತಿಕ ಬಂತೆಂದರೆ ಮಾವನಿಗೆ ಕೆಮ್ಮು.

ಅದಕ್ಕೆ ಅತ್ತೆಯ ದಾರಿ ಒಂದೇ, ಹುರುಳಿ ಕಟ್ಟಿನ ಸಾರು. ಹುರುಳಿ ನೆನೆಹಾಕಿ, ಬೇಯಿಸಿ, ಕಟ್ಟು ಬಸಿದು, ಬೆಳ್ಳುಳ್ಳಿ ಮೆಣಸು ಜಾಸ್ತಿ ಹಾಕಿ ಕುದಿಸುತ್ತಿದ್ದರು. ಜೊತೆಗೆ ರಾಗಿಮುದ್ದೆ. ಊಟವಾದ ಮೇಲೆ ಒಂದು ಚೂರು ಬೆಲ್ಲ, ಒಂದು ಚೂರು ಶುಂಠಿ. ನಾನು ಮದುವೆಯಾಗಿ ಬಂದ ಮೇಲೆ ಆ ಸಾರು ನನ್ನ ಕೈಗೆ ಬಂತು. ನಮ್ಮವರಿಗೆ ಅದು ಪ್ರಾಣ. ಅಪ್ಪ ಮಗ ಚಳಿಗಾಲದಲ್ಲಿ ಒಂದೇ ತಟ್ಟೆಗೆ ಕೈ ಹಾಕಿ ಉಣ್ಣುತ್ತಿದ್ದರು. ಕಟ್ಟನ್ನು ಲೋಟಕ್ಕೆ ಹುಯ್ಯಿಸಿಕೊಂಡು ಕಾಫಿಯ ಹಾಗೆ ಕುಡಿಯುತ್ತಿದ್ದರು. ಯಾರ ಲೋಟದಲ್ಲಿ ಜಾಸ್ತಿ ಇದೆ ಅಂತ ಜಗಳ ಬೇರೆ.

ಹೋದ ವರ್ಷ ಶ್ರಾವಣದಲ್ಲಿ ನಮ್ಮವರು ಹೋದರು. ಕೆಲಸಕ್ಕೆ ಹೊರಡಲು ಬೂಟು ಹಾಕಿಕೊಳ್ಳುತ್ತಾ ಎದೆ ಹಿಡಿದುಕೊಂಡರು. ಒಂದು ಕಾಲಿಗೆ ಬೂಟು ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಹಾಗೇ ಹೋದರು.

ತಿಥಿಯ ದಿನ ನೆಂಟರ ಮುಂದೆ ಮಾವ ಎದ್ದು ನಿಂತು, "ಇನ್ ಹುರುಳಿ ನನ್ ಬಾಯ್ಗೆ ಬ್ಯಾಡ" ಅಂದರು. ನಮ್ಮ ಕಡೆ ಹಾಗೆ ಬಿಡುತ್ತಾರೆ. ಸತ್ತವರಿಗೆ ಇಷ್ಟವಾದ ಒಂದು ಪದಾರ್ಥವನ್ನು ಹತ್ತಿರದವರು ಬಿಟ್ಟುಬಿಡುತ್ತಾರೆ. ಯಾರೂ ಬೇಡ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ನನಗೆ ಆಗ ಏನೂ ಕೇಳಿಸುತ್ತಿರಲಿಲ್ಲ.

ಹುರುಳಿ ಬಿಟ್ಟ ಮೇಲೆ ಮುದ್ದೆಯೂ ಹೋಯಿತು. ಆ ಸಾರು ಇಲ್ಲದೆ ಮುದ್ದೆ ಯಾಕೆ ಅಂದರು. ಆಮೇಲೆ ಬೆಲ್ಲ ಬಿಟ್ಟರು. ಜೀವನವೆಲ್ಲ ಬೆಲ್ಲ ಮಾಡಿದವರು ಕಾಫಿಗೂ ಬೇಡ ಅಂದರು. ಉಳಿದದ್ದು ಅನ್ನ, ನೀರು ಮಜ್ಜಿಗೆ. ಬೆಳಗಿನ ಮಂಜಿನಲ್ಲಿ ಎದ್ದು ತಣ್ಣೀರು ಸ್ನಾನ. ನೀರು ಕಾಯಿಸಿಟ್ಟರೆ ಅದನ್ನು ದಾಟಿಕೊಂಡು ನಲ್ಲಿಗೆ ಹೋಗುತ್ತಿದ್ದರು.

ಕಾರ್ತಿಕದಲ್ಲಿ ಜ್ವರ ಬಂತು. ಎದೆ ಗೊರಗೊರ ಅನ್ನತೊಡಗಿತು. ಅನಿಲ್ ಬಂದು ನಮ್ಮಿಬ್ಬರನ್ನೂ ವಿಜಯವಾಡಕ್ಕೆ ಕರೆದುಕೊಂಡು ಹೋದ. ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಯಲ್ಲಿ ಮಲಗಿಸಿದರು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹುಡುಗಿ, ಮಾತು ಮಾತ್ರ ಗಟ್ಟಿ. ಜ್ವರ ಇಳಿದ ಮೇಲೆ ಮಾವನ ರಟ್ಟೆ ಹಿಡಿದು ನೋಡಿ, ತೆಲುಗಿನಲ್ಲಿ, "ತಾತಗಾರು, ಇದು ತೋಳಾ, ಊದುಬತ್ತಿಯಾ?" ಅಂದರು.

ಮಾವ ನಗಲಿಲ್ಲ.

ಅನಿಲ್ ಒಂದು ದೊಡ್ಡ ಡಬ್ಬಿ ತೋರಿಸಿದ. ರೋಗ ಬರದ ಹಾಗೆ ಶಕ್ತಿ ಕೊಡುವ ಪುಡಿ, ಟಿವಿಯಲ್ಲಿ ಬರುತ್ತದೆ ಅಂದ. ಡಾಕ್ಟರು ತಿರುಗಿಸಿ ಓದಿ ಅವನ ಕೈಗೇ ಕೊಟ್ಟರು. "ಶಕ್ತಿ ಡಬ್ಬಿಯಿಂದ ಬರಲ್ಲ. ಕಾಳು ತಿನ್ನಲಿ. ಮೊಟ್ಟೆ, ಸೊಪ್ಪು, ನೆಲ್ಲಿಕಾಯಿ ತಿನ್ನಲಿ. ಬೆಳಗ್ಗೆ ಬಿಸಿಲಿಗೆ ಕೂತ್ಕೊಳ್ಳಲಿ. ಸ್ವಲ್ಪ ನಡೀಲಿ, ಚೆನ್ನಾಗಿ ನಿದ್ದೆ ಮಾಡಲಿ. ಫ್ಲೂ ಬರದ ಹಾಗೆ ಇಂಜೆಕ್ಷನ್ ನಾನು ಹಾಕ್ತೀನಿ, ಮಾತ್ರೆ ಬರೆದುಕೊಡ್ತೀನಿ. ಆದ್ರೆ ಊಟ ನಾನು ಬರೆದುಕೊಡೋಕೆ ಆಗಲ್ಲ." ಆಮೇಲೆ ನನ್ನೊಬ್ಬಳನ್ನೇ ಹೊರಗೆ ಕರೆದರು. "ಈ ಚಳಿಯಲ್ಲಿ ಇನ್ನೊಂದು ಸಲ ಹೀಗಾದರೆ ಈ ಮೈ ತಡೆಯಲ್ಲಮ್ಮ."

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ನಾನು ತೀರ್ಮಾನ ಮಾಡಿದೆ. ಒಬ್ಬರನ್ನು ಕಳೆದುಕೊಂಡಿದ್ದೇನೆ. ಇವರನ್ನು ಬಿಡುವುದಿಲ್ಲ.

ಪಟಮಟದ ಮನೆಯಲ್ಲಿ ಹೈಮಾವತಿ ಅಡಿಗೆ ಮಾಡಿದಳು. ಅವಳಿಗೆ ಮಾವನ ಮಾತು ಗೊತ್ತಿರಲಿಲ್ಲ. ತಿಥಿಯ ದಿನ ಒಳಗೆ ಅಡಿಗೆಯವರ ಜೊತೆ ಇದ್ದಳು. ಡಾಕ್ಟರು ಕಾಳು ಅಂದದ್ದು ಕೇಳಿ ಅವರ ಕಡೆಯ ಉಲವಚಾರು ಮಾಡಿಬಿಟ್ಟಳು. ಅದೂ ಹುರುಳಿ ಕಟ್ಟೇ, ಹುಣಸೆ ಹಾಕಿ ಗಟ್ಟಿಯಾಗುವ ತನಕ ಕುದಿಸುತ್ತಾರೆ, ಮೇಲೆ ಹಾಲಿನ ಕೆನೆ. ಬಟ್ಟಲು ಬಾಗಿಲಿಗೆ ಬರುವ ಮೊದಲೇ ಮಾವನಿಗೆ ವಾಸನೆ ಹತ್ತಿತು.

"ಏನವ್ವ ಅದು?"

"ಉಲವಚಾರು ಮಾವಯ್ಯಗಾರು. ಬಿಸಿ ಬಿಸಿ ತಿನ್ನಿ, ಎದೆಗೆ ಒಳ್ಳೇದು."

"ನಾನೇನ್ ಗಾಣದೆತ್ತಾ, ಹುರುಳಿ ಬೇಯ್ಸಿ ತಂದಿಕ್ಕಕ್ಕೆ? ತಕ್ಕೊಂಡೋಗು."

ಹೈಮಾವತಿಯ ಕಣ್ಣಲ್ಲಿ ನೀರು ಬಂತು. ಅಡಿಗೆಮನೆಗೆ ಬಂದು ಬಟ್ಟಲು ಕುಕ್ಕಿದಳು. ನಾನು ವಿಷಯ ಹೇಳಿದೆ. ಕೇಳಿಸಿಕೊಂಡು ಕಣ್ಣು ಒರೆಸಿಕೊಂಡಳು. ಆಮೇಲೆ, "ಅಕ್ಕಾ, ನಮ್ಮ ಅಮ್ಮ ಹೋದಾಗ ತಿಂಗಳು ತಿಂಗಳೂ ಅವಳಿಗೆ ಇಷ್ಟವಾದ ಗುತ್ತಿ ವಂಕಾಯ, ಅದೇ ನಿಮ್ಮ ಬದನೆಕಾಯಿ ಎಣ್ಣೆಗಾಯಿ, ಮಾಡಿ ಎಲೆಗೆ ಹಾಕ್ತಿದ್ವಿ. ಅದನ್ನ ನಾವೇ ತಿಂತಿದ್ವಿ. ನಿಮ್ಮಲ್ಲಿ ಹಾಕಲ್ವಾ?" ಅಂದಳು.

ಹಾಕುತ್ತೇವೆ. ನಮ್ಮಲ್ಲಿ ಅದಕ್ಕೆ ಎಡೆ ಅನ್ನುತ್ತೇವೆ. ವರ್ಷ ತುಂಬುವ ತನಕ ಅಮಾವಾಸ್ಯೆಗೆ ಸತ್ತವರ ಫೋಟೋದ ಮುಂದೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಮುಂದೆ ಮಾಡಿ ಬರುತ್ತೇವೆ. ಕಾಗೆಗೆ ಒಂದಿಷ್ಟು ಇಟ್ಟು, ಉಳಿದದ್ದನ್ನು ಮನೆಯವರು ಉಣ್ಣಬೇಕು. ಮೊದಲ ತುತ್ತು ಮನೆಯ ಹಿರಿಯರದು. ಎಡೆಯನ್ನು ಚೆಲ್ಲುವ ಹಾಗಿಲ್ಲ. ನಾನೂ ಪ್ರತಿ ಅಮಾವಾಸ್ಯೆ ಇಡುತ್ತಿದ್ದೆ. ಆದರೆ ಅನ್ನ, ಪಾಯಸ, ಒಂದು ಪಲ್ಯ. ಮಾವ ಬಿಟ್ಟಿದ್ದಾರೆ ಅಂತ ಹುರುಳಿಯನ್ನು ಮನೆಯೊಳಗೇ ತರುತ್ತಿರಲಿಲ್ಲ.

ಹೈಮಾವತಿಯ ಮಾತು ನನ್ನ ತಲೆಯಲ್ಲಿ ಕೂತಿತು.

ಗಾಜುವಾಕಕ್ಕೆ ವಾಪಸ್ ಬಂದೆವು. ಬಂದ ದಿನವೇ ಬಚ್ಚಲ ನಲ್ಲಿಯ ತಿರುಪು ಬಿಚ್ಚಿ ಎತ್ತಿಟ್ಟೆ. ಸ್ನಾನ ಬೇಕೆಂದರೆ ಬಿಸಿನೀರು, ಅದೂ ಬಿಸಿಲು ಬಂದ ಮೇಲೆ.

"ನಲ್ಲಿ ಏನಾಯ್ತವ್ವ?"

"ಕೆಟ್ಟೋಯ್ತು."

"ಯಾವಾಗ್ ಸರಿಯಾದದು?"

"ಚಳಿ ಹೋದ್ಮೇಲೆ."

ಮಾವ ನನ್ನ ಮುಖ ನೋಡಿದರು. ಬಿಸಿನೀರಿಗೆ ಹೋದರು. ಅಷ್ಟಾದರೂ ಗೆದ್ದೆ. ತುಳಸಿ, ಮೆಣಸು, ಶುಂಠಿ ಹಾಕಿ ಕಷಾಯ ಕೊಟ್ಟರೆ ಕುಡಿಯುತ್ತಿದ್ದರು. ಮಾತ್ರೆ ಕೊಟ್ಟರೆ ನುಂಗುತ್ತಿದ್ದರು. ಊಟಕ್ಕೆ ಮಾತ್ರ ಅದೇ ಅನ್ನ, ಅದೇ ಮಜ್ಜಿಗೆ. ಮೊಟ್ಟೆ ಇಟ್ಟರೆ ಬೆಕ್ಕಿಗೆ ಹಾಕುತ್ತಿದ್ದರು. ಬಿಸಿಲಿಗೆ ಬನ್ನಿ ಅಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು.

ಒಂದು ದಿನ ನನಗೆ ತಡೆಯಲಾಗಲಿಲ್ಲ. "ಯಾಕ್ ಮಾವ ಹಿಂಗ್ ಮಾಡೀರಿ?" ಅಂದೆ.

"ಮಗ ಮಣ್ಣಾಗವ್ನೆ. ನಾನ್ ಗಟ್ಟಿಮುಟ್ಟಾಗಿದ್ದು ಯಾರಿಗ್ ಏನಾಗ್ಬೇಕವ್ವ?"

"ನಂಗ್ ಆಗ್ಬೇಕು."

ಮಾವ ಹೊದಿಕೆಯನ್ನು ತಲೆಯ ತನಕ ಎಳೆದುಕೊಂಡರು.

ಮಾರ್ಗಶಿರ ಮುಗಿದು ಅಮಾವಾಸ್ಯೆ ಬಂತು. ಹಿಂದಿನ ದಿನವೇ ಹುರುಳಿ ತಂದು ನೆನೆಹಾಕಿದೆ. ಬೆಳಗ್ಗೆ ಬೇಯಲು ಇಟ್ಟೆ. ಕುಕ್ಕರಿನ ಮೊದಲ ಸೀಟಿಗೇ ವಾಸನೆ ಮನೆ ತುಂಬಿತು. ಮಾವ ಗೋಡೆ ಹಿಡಿದುಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದರು.

"ಏನ್ ಮಾಡ್ತಿದ್ದೀ?"

"ಎಡೆಗೆ ಸಾರು."

"ನಾನ್ ಬುಟ್ಟಿವ್ನಿ ಅಂತ ನಿಂಗ್ ಗೊತ್ತಿಲ್ವಾ?"

"ಗೊತ್ತು. ನೀವ್ ಬುಟ್ಟುದ್ದು ನಿಮ್ದು. ಅವ್ರ್‌ಗೆ ಹುರುಳಿ ಬುಡ್ಸಕ್ಕೆ ನೀವ್ಯಾರು ಮಾವ? ಶ್ರಾವಣದಿಂದ ಆ ಮನುಷ್ಯಂಗೆ ಬರೀ ಪಾಯಸ ಇಕ್ಕಿವ್ನಿ. ಪಾಯಸ ಕಂಡ್ರೆ ಮೂತಿ ತಿರುವೋರು ಅವ್ರು."

ಇಷ್ಟು ಜೋರಾಗಿ ನಾನು ಮಾವನ ಮುಂದೆ ಯಾವತ್ತೂ ಮಾತಾಡಿರಲಿಲ್ಲ. ಕೈಯ ಸೌಟು ಬಿಡಲಿಲ್ಲ. ಮಾವ ಹಜಾರಕ್ಕೆ ಹೋಗಿ ಕೂತರು.

ಫೋಟೋದ ಮುಂದೆ ಎಲೆ ಹಾಕಿದೆ. ಮುದ್ದೆ, ಸಾರು, ಒಂದು ಲೋಟ ಕಟ್ಟು, ಒಂದು ಅಚ್ಚು ಅನಕಾಪಲ್ಲಿ ಬೆಲ್ಲ. ಬಾಗಿಲು ಮುಂದೆ ಮಾಡಿ ಹೊರಗೆ ನಿಂತೆವು. ಮಾವ ಕಂಬಕ್ಕೆ ಒರಗಿದ್ದರು. ಆಮೇಲೆ ಮಾವ ಒಳಗೆ ಬಂದು ಕೂತರು. ನಾನು ಒಂದು ತುತ್ತು ಕಾಗೆಗೆ ಇಟ್ಟು ಬಂದು, ಆ ಎಲೆಯನ್ನು ಹಾಗೇ ತಂದು ಮಾವನ ಮುಂದೆ ಇಟ್ಟೆ.

"ಮೊದಲ ತುತ್ತು ನಿಮ್ದು," ಅಂದೆ. "ನೀವ್ ಉಣ್ದೆ ಇದ್ರೆ ಚೆಲ್ಲಬೇಕು. ನಾನ್ ಚೆಲ್ಲಲ್ಲ. ಎಲೆ ಇಲ್ಲೇ ಇರ್ತದೆ."

ನಾನೂ ಎದುರಿಗೆ ಕೂತೆ. ಸಾರಿನ ಮೇಲಿನ ಹಬೆ ಹೋಯಿತು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಮಾವ ಫೋಟೋ ನೋಡುತ್ತಿದ್ದರು. ನಾನು ಮಾವನನ್ನು ನೋಡುತ್ತಿದ್ದೆ. ಏಳುವುದಿಲ್ಲ ಅಂತ ಗಟ್ಟಿ ಮಾಡಿಕೊಂಡಿದ್ದೆ.

ಕೊನೆಗೆ ಮಾವ ಮುದ್ದೆ ಮುರಿದರು. ಸಾರಿಗೆ ಅದ್ದಿ ನುಂಗಿದರು. ನೀರು ಕುಡಿದರು. ಇನ್ನೊಂದು ತುತ್ತು ನುಂಗಿದರು.

"ಉಪ್ ಸಾಲ್ದು," ಅಂದರು.

ನಾನು ಉಪ್ಪು ತರಲು ಎದ್ದೆ. ತಿರುಗಿ ಬರುವಷ್ಟರಲ್ಲಿ ಮುದ್ದೆಯನ್ನು ಎರಡು ಭಾಗ ಮಾಡಿ ಒಂದನ್ನು ಎಲೆಯ ಆ ಕಡೆಗೆ ತಳ್ಳಿದ್ದರು.

"ಕೂತ್ಕೊ. ನೀನೂ ಮನೆಯವ್ಳೇ. ನೀನ್ ಹೊಟ್ಟೆ ತುಂಬ ಉಂಡು ಎಷ್ಟ್ ದಿನ ಆಯ್ತು ಅಂತ ನಂಗೂ ಗೊತ್ತು ಕನವ್ವ."

ಮಾವನ ಜೊತೆ ಒಂದೇ ಎಲೆಯಲ್ಲಿ ಸೊಸೆ ಉಣ್ಣುವ ಪದ್ಧತಿ ನಮ್ಮಲ್ಲಿ ಇಲ್ಲ. ಉಂಡೆ. ಇಬ್ಬರೂ ಅತ್ತೆವು. ಎಲೆ ಖಾಲಿಯಾಯಿತು.

ಮಾರನೆಯ ದಿನ ಬೆಳಗ್ಗೆ ಮಾವನೇ ಕೇಳಿದರು. "ನಿನ್ನೆ ಹುರುಳಿಯಾಗೆ ಕಲ್ಲು ಸಿಕ್ತು. ಸರ್ಯಾಗ್ ಆರ್ಸಿಲ್ಲ ನೀನು. ಮೊರ ಕೊಡಿಲ್ಲಿ."

"ಇಲ್ಲಿ ಕತ್ಲೆ ಮಾವ. ಕಲ್ಲು ಕಾಣ್ಸಲ್ಲ. ತಾರಸಿ ಮೇಲೆ ಹೋಗನ ಬನ್ನಿ."

ಮೆಟ್ಟಿಲಿನ ನಡುವೆ ನಿಂತು ಸುಧಾರಿಸಿಕೊಂಡು ಹತ್ತಿದರು. ಬಿಸಿಲಿಗೆ ಬೆನ್ನು ಕೊಟ್ಟು ಕೂತು ಹುರುಳಿ ಆರಿಸಿದರು. ಅಲ್ಲಿಂದ ಅದೇ ಅವರ ಕೆಲಸವಾಯಿತು. ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದರು. ಪಕ್ಕದ ಮನೆಯ ದುರ್ಗಾಂಬ ಬಟ್ಟೆ ಒಣಹಾಕಲು ಬಂದವಳು, "ತಾತಗಾರು, ನಮ್ಮ ಬೇಳೇನೂ ಆರಿಸಿಕೊಡಿ" ಅಂತ ಕಾಡುತ್ತಿದ್ದಳು. "ನಿಮ್ಮತ್ತೆ ಕೈಲಿ ಆರುಸ್ಕೊ ಹೋಗು" ಅನ್ನುತ್ತಿದ್ದರು. ಆರಿಸಿಯೂ ಕೊಡುತ್ತಿದ್ದರು. ಮೊಟ್ಟೆ ಮತ್ತೆ ಬೆಕ್ಕಿಗೆ ಸಿಗಲಿಲ್ಲ. ಕಾಫಿಗೆ ಬೆಲ್ಲ ಬಂತು.

ಸಂಕ್ರಾಂತಿಯ ಹಿಂದಿನ ದಿನ ಇಲ್ಲಿ ಭೋಗಿ. ನಸುಕಿನಲ್ಲಿ ಬೀದಿ ಬೀದಿಗೂ ಬೆಂಕಿ ಹಾಕುತ್ತಾರೆ, ಹಳೆ ಮರ, ಚಾಪೆ ಎಲ್ಲ ಸುಡುತ್ತಾರೆ. ಕಿಟಕಿಗಳ ಸಂದಿಗೆ ಒದ್ದೆ ಬಟ್ಟೆ ತುರುಕಿದೆ. ಆದರೂ ಹೊಗೆ ಬಂತು. ಮಧ್ಯಾಹ್ನಕ್ಕೆ ಮಾವನಿಗೆ ಕೆಮ್ಮು ಹತ್ತಿತು, ಸಂಜೆಗೆ ಮೈ ಬೆಚ್ಚಗಾಯಿತು. ಹಬ್ಬಕ್ಕೆ ಹೈಮಾವತಿಯ ಜೊತೆ ಬಂದಿದ್ದ ಅನಿಲ್ ಕಾರಿನ ಕೀ ತೆಗೆದುಕೊಂಡು ನಿಂತ. ವಿಜಯವಾಡದ ಡಾಕ್ಟರಿಗೆ ಫೋನ್ ಮಾಡಿದೆವು. ಉಸಿರು ಎಣಿಸಿ ನೋಡಿ ಅಂದರು, ಯಾವ ಮಾತ್ರೆ ಅಂತ ಹೇಳಿದರು, ಉಬ್ಬಸ ಬಂದರೆ ಒಂದು ನಿಮಿಷವೂ ಕಾಯಬೇಡಿ ಅಂದರು. ನಾನು ಪಕ್ಕದಲ್ಲಿ ಕೂತೆ. ಹೈಮಾವತಿ ಒಲೆಯ ಮುಂದೆ ನಿಂತಳು. ಸ್ವಲ್ಪ ಹೊತ್ತಿಗೆ ಬಿಸಿ ಉಲವಚಾರು ಲೋಟಕ್ಕೆ ಹುಯ್ದು ತಂದಳು.

ಮಾವ ಲೋಟ ನೋಡಿದರು, ಅವಳನ್ನು ನೋಡಿದರು. "ಗಾಣದೆತ್ತಿಗೆ ಇಕ್ತೀಯೇನವ್ವ?"

"ಹೌದು ಮಾವಯ್ಯಗಾರು. ಎತ್ತು ಮಾತಾಡಬಾರದು, ಕುಡೀಬೇಕು."

ಕುಡಿದರು. ಉಬ್ಬಸ ಬರಲಿಲ್ಲ. ಕೆಮ್ಮು ಇನ್ನೂ ಕೆಲವು ದಿನ ಇತ್ತು, ಎದೆಗೆ ಇಳಿಯಲಿಲ್ಲ. ಅದು ಮಾತ್ರೆಯಿಂದಲೋ, ಇಂಜೆಕ್ಷನ್ನಿನಿಂದಲೋ, ಹುರುಳಿಯಿಂದಲೋ, ಬಿಸಿಲಿನಿಂದಲೋ ನನಗೆ ಗೊತ್ತಿಲ್ಲ. ಯಾವುದನ್ನೂ ನಾನು ಬಿಟ್ಟಿರಲಿಲ್ಲ.

ಶಿವರಾತ್ರಿ ಕಳೆಯಿತು. ಗಾಜುವಾಕದಲ್ಲಿ ಬೆವರು ಶುರುವಾಯಿತು. ನಲ್ಲಿಯ ತಿರುಪನ್ನು ಮತ್ತೆ ಹಾಕಿದೆ. ಅವತ್ತು ಊಟಕ್ಕೆ ಕೂತಾಗ ಮಾವ ಸಾರು ನೋಡಿ ಹೇಳಿದರು.

"ಇನ್ ಹುರುಳಿ ನಿಲ್ಸವ್ವ. ಬಿಸಿಲ್ಗಾಲಕ್ಕೆ ಮೈ ಕಾಯ್ತದೆ. ಉಳ್ದಿರದ್ನ ಬೇವಿನಸೊಪ್ಪು ಹಾಕಿ ಡಬ್ಬಕ್ಕೆ ತುಂಬಿಕ್ಕು. ಹುಳ ಬೀಳ್ಬಾರ್ದು. ಮುಂದಿನ ಚಳಿಗೆ ಬೇಕು."

ನೆರಳಲ್ಲಿ ಒಣಗಿಸಿದ ಬೇವಿನಸೊಪ್ಪು ಹಾಕಿ, ಡಬ್ಬ ತುಂಬಿ, ಮುಚ್ಚಳ ಒತ್ತಿ, ಅಟ್ಟದ ಮೇಲೆ ಇಟ್ಟೆ.