ಗಾಡಿ ಹೊರಟಿದೆ

ಅವಳಿಗೆ ಸಹೋದ್ಯೋಗಿಗಳು ಇಟ್ಟ ಹೆಸರು ಸಕ್ಕರೆ. ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಹನ್ನೊಂದು ವರ್ಷ ಫೋನ್ ಎತ್ತಿದವಳು. ಆಚೆ ಕಡೆಯವರು ಎಷ್ಟೇ ಅರಚಾಡಲಿ, ಇವಳು "ಅಣ್ಣಾ, ನಾನಿದ್ದೀನಿ, ಮೊದ್ಲು ದಾರಿ ಹೇಳಿ" ಎಂದರೆ ಸಾಕು, ಉಕ್ಕುವ ಹಾಲಿಗೆ ನೀರು ಚಿಮುಕಿಸಿದ ಹಾಗೆ ಇಳಿದುಬಿಡುತ್ತಿದ್ದರು. ಹೊಸಬರಿಗೆ ಅವಳ ಕರೆಗಳನ್ನೇ ಕೇಳಿಸಿ ಪಾಠ ಹೇಳುತ್ತಿದ್ದರು.

ಆ ಕೋಣೆಗೊಂದು ನಿಯಮವಿತ್ತು. ಗಾಡಿ ಇರಲಿ, ಬಿಡಲಿ, ಕರೆ ಮಾಡಿದವರಿಗೆ "ಗಾಡಿ ಹೊರಟಿದೆ" ಎನ್ನಬೇಕು. ಇಲ್ಲವೆಂದರೆ ಜನ ಗಾಬರಿಬೀಳುತ್ತಾರಂತೆ. ಈ ಜಾಣತನ ಯಾವ ಮಹಾನುಭಾವನ ತಲೆಯಲ್ಲಿ ಹುಟ್ಟಿತೋ, ಅವನ ಮನೆಗೆಂದೂ ಆಂಬುಲೆನ್ಸ್ ಬೇಕಾಗಿರಲಿಕ್ಕಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಆಫೀಸು, ಯಾರೂ ಎದುರಾಡಲಿಲ್ಲ. ಹತ್ತು ನಿಮಿಷದಲ್ಲಿ ಯಾವುದಾದರೂ ಗಾಡಿ ಬಿಡುವಾಗುತ್ತಿತ್ತು, ಆಡಿದ ಸುಳ್ಳು ನಿಜವಾಗುತ್ತಿತ್ತು. ಹಾಗಾಗಿ ಸಕ್ಕರೆಯೂ ಅದನ್ನು ಸುಳ್ಳೆಂದು ಎಣಿಸಿರಲಿಲ್ಲ.

ಜ್ವರ ಮನೆಮನೆಯನ್ನೂ ಮಲಗಿಸಿದ ಆ ವಾರ ಮಾತ್ರ ಒಂದು ಗಾಡಿಯೂ ಬಿಡುವಾಗಲಿಲ್ಲ. ಒಂದು ಮಧ್ಯಾಹ್ನ ಒಬ್ಬ ದರ್ಜಿ ಫೋನ್ ಮಾಡಿದ. ಹೆಂಡತಿಗೆ ಉಸಿರಾಡಲು ಆಗುತ್ತಿಲ್ಲ. "ಗಾಡಿ ಹೊರಟಿದೆ" ಎಂದಳು. ಇಪ್ಪತ್ತು ನಿಮಿಷಕ್ಕೆ ಮತ್ತೆ ಅದನ್ನೇ ಅಂದಳು. ಮುಕ್ಕಾಲು ಗಂಟೆಗೆ, ಅವನ ಅಳು ಕೇಳಲಾರದೆ, "ತಿರುವಿನ ಹತ್ರ ಬಂತಣ್ಣ" ಎಂದುಬಿಟ್ಟಳು. ಅದು ನಿಯಮದಲ್ಲಿರಲಿಲ್ಲ, ಅವಳದೇ ಸೇರ್ಪಡೆ. ಕೊನೆಯ ಸಲ ದರ್ಜಿ "ಇನ್ನು ಬೇಡಮ್ಮ" ಎಂದು ಫೋನ್ ಇಟ್ಟ.

ಆಮೇಲೆ ಅವಳಿಗೆ ಊಟ ಸೇರದು, ನಿದ್ದೆ ಹತ್ತದು. ಗಂಡ ಅಂಗಡಿಯಿಂದ "ಹೊರಟೆ ಕಣೇ" ಎಂದರೆ, "ಸುಳ್ಳು! ಎಲ್ಲಿದ್ದೀರಿ, ನಿಜ ಹೇಳಿ!" ಎಂದು ಕಿರುಚುವಳು. ಅತ್ತೆ "ನಮ್ಮ ಹುಡುಗಿಗೆ ಏನಾಯ್ತಪ್ಪಾ" ಎಂದು ಅತ್ತರು. ಡಾಕ್ಟರು ಬಿಪಿ ನೋಡಿ, "ಟೆನ್ಷನ್ ಮಾಡ್ಕೋಬೇಡಿ" ಎಂದು ಮಾತ್ರೆ ಬರೆದರು. ಟೆನ್ಷನ್ ಅಂತೆ! ಮಾಡಬಾರದ್ದನ್ನು ಮಾಡಿದೆ ಎಂದು ಎದೆ ಕುಟುಕುತ್ತಿದ್ದರೆ ಮಾತ್ರೆ ಏನು ಮಾಡೀತು? "ಗಾಡಿನೇ ಇರ್ಲಿಲ್ಲ, ನಿಂದೇನು ತಪ್ಪು?" ಎಂದು ಪಕ್ಕದ ಮೇಜಿನವಳು ಸಮಾಧಾನ ಹೇಳುವಳು. ಇಲ್ಲದ್ದು ತನ್ನ ತಪ್ಪಲ್ಲವೆಂದು ಸಕ್ಕರೆಗೂ ಗೊತ್ತಿತ್ತು. ಇದೆ ಎಂದದ್ದು ಯಾರ ತಪ್ಪು?

ನಾಲ್ಕು ತಿಂಗಳಾದ ಮೇಲೆ ದರ್ಜಿ ಆಫೀಸಿಗೇ ಬಂದ. ಕೈಯಲ್ಲಿ ಪೆನ್ಸಿಲಿನಿಂದ ದಾರಿ ಗೀಚಿದ ಹಾಳೆ. ಸೂಪರ್‌ವೈಸರ್ ಅವಳ ಕಿವಿಯ ಹತ್ತಿರ ಬಂದು, "ಸಮಾಧಾನ ಮಾಡಿ ಕಳಿಸು. ಬಾಯಿ ಬಿಟ್ರೆ ಕೆಲಸ ಹೋಗುತ್ತೆ, ನೋಡು" ಎಂದ.

"ಹೇಳಿ ಅಣ್ಣಾ," ಎಂದಳು ಸಕ್ಕರೆ.

"ದನಿ ಗುರುತು ಸಿಕ್ತಮ್ಮ," ಎಂದ ದರ್ಜಿ. "ಒಂದೇ ಮಾತು ಕೇಳಿ ಹೋಗ್ತೀನಿ. ಅವತ್ತು ನೀರಿನ ಟ್ಯಾಂಕ್ ಆದ್ಮೇಲೆ ಬಲಕ್ಕೆ ಅಂದ್ನೋ, ಎಡಕ್ಕೆ ಅಂದ್ನೋ? ಗಾಬರೀಲಿ ತಪ್ಪು ಹೇಳಿರ್ಬೇಕು. ಪಾಪ, ಡ್ರೈವರ್ ಎಲ್ಲೆಲ್ಲಿ ಸುತ್ತಿದ್ನೋ. ‘ಅಮ್ಮನ್ನ ನೀನೇ ಕಳ್ದೆ’ ಅಂತ ಮಗಳು ಮಾತೇ ಬಿಟ್ಟಿದ್ದಾಳೆ. ನನ್ನ ಫೋನ್ ಎತ್ತಲ್ಲ."

ಸಕ್ಕರೆ ಆ ಹಾಳೆಯ ಗೆರೆಗಳನ್ನು ನೋಡಿದಳು.

"ನೀವು ಸರಿಯಾಗೇ ಹೇಳಿದ್ರಿ ಅಣ್ಣಾ. ಗಾಡಿ ಹೊರಟೇ ಇರ್ಲಿಲ್ಲ. ನಾನು ಸುಳ್ಳು ಹೇಳ್ದೆ."

ದರ್ಜಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹಾಳೆ ಮಡಚಿದ, ಮತ್ತೆ ಬಿಚ್ಚಿದ.

"ಎದುರು ಮನೆಯವನು ವ್ಯಾನ್ ಸ್ಟಾರ್ಟ್ ಮಾಡ್ಕೊಂಡು ಬಾಗಿಲಲ್ಲೇ ನಿಂತಿದ್ದ. ತಿರುವಿನ ಹತ್ರ ಬಂತಂತೆ, ಅದ್ರಲ್ಲಿ ಆಕ್ಸಿಜನ್ ಇರುತ್ತೆ ಅಂತ ನಾನೇ ಬೇಡ ಅಂದೆ. ನೀವು ಅಷ್ಟು ಧೈರ್ಯವಾಗಿ ಹೇಳಿದ್ರಲ್ಲಮ್ಮ."

ದರ್ಜಿ ಹಾಳೆಯನ್ನು ಜೇಬಿಗಿಟ್ಟು, "ಇದನ್ನ ನನ್ನ ಮಗಳಿಗೂ ಹೇಳ್ತೀರಾ?" ಎಂದ. ಅವನು ಹೇಳಿದ ನಂಬರನ್ನು ಅವಳು ಆಫೀಸಿನ ಫೋನಿನಲ್ಲೇ ಒತ್ತಿದಳು. ಸೂಪರ್‌ವೈಸರ್ "ಏಯ್, ಇಡು ಕೆಳಗೆ!" ಎಂದು ಧಾವಿಸಿ ಬಂದ. ಅವಳು ರಿಸೀವರನ್ನು ಎರಡೂ ಕೈಯಲ್ಲಿ ಬಿಗಿಹಿಡಿದಳು. ಆಚೆ ಕಡೆ ಹುಡುಗಿ ಫೋನ್ ಎತ್ತಿದಳು.

"ನಿಮ್ಮ ಅಪ್ಪ ದಾರಿ ಸರಿಯಾಗೇ ಹೇಳಿದ್ರಮ್ಮ," ಎಂದು ಶುರುಮಾಡಿ, ತಿರುವಿನ ಮಾತನ್ನೂ ಬಿಡದೆ ಎಲ್ಲ ಹೇಳಿದಳು. "ತಪ್ಪು ನಂದು."

ಕ್ಷಮಿಸು ಎಂದು ಕೇಳಲು ಸಕ್ಕರೆ ಬಾಯಿ ತೆರೆದಳು.

"ಸಾಕು," ಎಂದಳು ಹುಡುಗಿ. "ಅಪ್ಪ ಅಲ್ಲೇ ಇದ್ದಾರಾ? ಫೋನ್ ಅವ್ರಿಗೆ ಕೊಡಿ."