ಹೊಗೆ ಕುಡಿದ ಓಟಗಾರ

ಬೆಳಗಿನ ವಾಕಿಂಗಿನಲ್ಲಿ ನನ್ನನ್ನು ದಾಟಿಹೋದ ಬಸ್ಸು ಕರಿ ಹೊಗೆ ಉಗುಳಿತು. ಕೆಮ್ಮುತ್ತಾ ಮೋರಿಕಟ್ಟೆಯ ಮೇಲೆ ಕೂತೆ. ಈ ವಯಸ್ಸಿಗೆ ವಾಕಿಂಗ್ ಎಂದರೆ ಬಹುಪಾಲು ಕೂರುವುದೇ ಅನ್ನಿ. ಕೂತಾಗ ಚಿಕ್ಕಪ್ಪನ ನೆನಪಾಗಿ ಕೆಮ್ಮಿನ ನಡುವೆಯೇ ನಗು ಬಂತು.

ಬ್ರಿಟಿಷರ ಕಾಲ, ನಾನಿನ್ನೂ ಸಣ್ಣ ಹುಡುಗ. ತಿತಿಮತಿಯ ಕಡೆಯ ಎಸ್ಟೇಟಿನ ದೊರೆ ವರ್ಷಕ್ಕೊಮ್ಮೆ ಓಟದ ಪಂದ್ಯ ಇಡುತ್ತಿದ್ದ. ಆ ವರ್ಷ ಚಿಕ್ಕಪ್ಪ ಗೆಲ್ಲಲೇಬೇಕಿತ್ತು. ನೋಡಿ ಬಂದ ಹುಡುಗಿ ಅವನಿಗೆ ಬಹಳ ಹಿಡಿಸಿದ್ದಳು, ಅವಳ ಅಪ್ಪ ಮಾತ್ರ ಇವನ ಕಡ್ಡಿ ಮೈ ನೋಡಿ, "ಈ ಹೈದಂಗೆ ದಮ್ಮು ಉಟ್ಟಾ? ಓಟ ನೋಡಿ ಹೇಳುವೆ" ಎಂದಿದ್ದರು. ಅವರ ಮಾತಿನಲ್ಲಿ 'ಉಟ್ಟು' ಎಂದರೆ 'ಇದೆ'.

ತರಬೇತಿಯ ಹೊಣೆ ಅಜ್ಜಿಯದು. ನಮ್ಮಲ್ಲಿ ಹಂದಿ ಮಾಂಸವನ್ನು ಒಲೆಯ ಮೇಲೆ ತೂಗುಹಾಕಿ ಹೊಗೆಯಲ್ಲಿ ಒಣಗಿಸುವುದು ನಿಮಗೂ ಗೊತ್ತಿರಬಹುದು. ಮಳೆಗಾಲ ಕಳೆದರೂ ಕೆಡುವುದಿಲ್ಲ. "ಹೊಗೆ ಕುಡ್ದ ಮಾಂಸವೇ ಗಟ್ಟಿ. ಎದೆ ಎಂಥ, ಅದೂ ಮಾಂಸವೇ ಅಲ್ವಾ?" ಎಂದು ಮಗನನ್ನು ದಿನಾ ಸಂಜೆ ಆ ಮಾಂಸದ ಕೆಳಗೇ ಕೂರಿಸಿದಳು. ಕಿಟಕಿಯಿಲ್ಲದ ಅಡುಗೆಮನೆ, ಹಸಿ ಸೌದೆ. ಮೂಗು ಮುಚ್ಚಿಕೊಂಡರೆ ಊದುಗೊಳವೆಯಿಂದ ಒಂದು ಪೆಟ್ಟು. ಈ ವಾದದಲ್ಲಿ ತಪ್ಪೆಲ್ಲಿದೆ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಪಂದ್ಯದ ದಿನ ದೊರೆ, ಓಟಗಾರರಿಗೊಂದು ಗೌರವ ಇರಲಿ ಎಂದು ತನ್ನ ಹೊಸ ಕಾರನ್ನು ಅವರ ಮುಂದೆ ಓಡಿಸಿದ. ಕಾರಿನ ಹೊಗೆಗೆ ಕೆಂಧೂಳು ಸೇರಿ ರಸ್ತೆಯೇ ಕಾಣದಾಯಿತು. ಮುಂದಿದ್ದವರೆಲ್ಲ ಕೆಮ್ಮಿ ಕೆಮ್ಮಿ ಕಾಫಿ ಗಿಡಗಳ ಬುಡದಲ್ಲಿ ಕುಕ್ಕರಿಸಿದರು. ಚಿಕ್ಕಪ್ಪ ಮಾತ್ರ ಕಣ್ಣು ಮುಚ್ಚಿ, ಕಾರಿನ ಸದ್ದು ಹಿಡಿದು ಓಡಿದ. ಕಡೆಯ ತಿರುವಿನಲ್ಲಿ ದೊರೆಗೆ ಟೀ ಹೊತ್ತಾಯಿತೆಂದು ನೆನಪಾಗಿ ಕಾರು ಬಂಗಲೆಯ ಕಡೆ ತಿರುಗಿತು, ಇವನೂ ತಿರುಗಿದ. ನಾವು ಗೆಲುವಿನ ಗೆರೆಯ ಹತ್ತಿರ ಕಾಯುತ್ತಿದ್ದಾಗ ಅವನು ದೊರೆಯ ಗುಲಾಬಿ ಗಿಡಗಳ ನಡುವೆ ಬಿದ್ದು ಏದುಸಿರು ಬಿಡುತ್ತಿದ್ದ. ಗೆದ್ದವನು, ಹೊಗೆಯೆಲ್ಲ ತಿಳಿಯಾದ ಮೇಲೆ ಹಿಂದಿನಿಂದ ಆರಾಮಾಗಿ ಬಂದ ಎಸ್ಟೇಟಿನ ಲೆಕ್ಕ ಬರೆಯುವ ರೈಟರು.

ಮನೆ ಸೇರಿದ ಚಿಕ್ಕಪ್ಪ ಕರಿ ಕಫ ಉಗುಳುತ್ತಾ ಮಲಗಿದ. ಮಾತು ಬಂದಾಗ ಹುಡುಗಿಯ ಬಗ್ಗೆ ಕೇಳುತ್ತಾನೆಂದುಕೊಂಡೆವು. ಅವನು ಕೇಳಿದ್ದು, "ಅವ್ವಾ, ನಾನು ಒಂದಿಷ್ಟು ಸಂಜೆ ಕೂತು ಹೀಂಗಾದೆ. ನೀನು ಅಲ್ಲಿ ಕೂತು ಎಷ್ಟು ವರ್ಷ ಆತು?"

ಅಜ್ಜಿ ಉತ್ತರ ಹೇಳಲು ಬಾಯಿ ತೆರೆದಳು, ಕೆಮ್ಮು ಬಂತು. ಹುಟ್ಟಿದಾಗಿನಿಂದ ನಾವು ಕೇಳಿದ್ದ ಕೆಮ್ಮೇ. ಅವತ್ತು ಮಾತ್ರ ಅದು ಕಿವಿಗೆ ಬಿತ್ತು. ಮೈ ಸುಧಾರಿಸಿದ ಕೂಡಲೇ ಚಿಕ್ಕಪ್ಪ ಏಣಿ ಹಾಕಿ ಒಲೆಯ ಮೇಲಿನ ಹೆಂಚು ತೆಗೆದ, ಗೋಡೆ ಒಡೆದು ಕಿಟಕಿ ಇಟ್ಟ.

ಸಂಬಂಧ ಬೇಡವೆಂದು ಹೇಳಲು ಬಂದ ಹೆಣ್ಣಿನ ಅಪ್ಪ ಅಡುಗೆಮನೆಗೆ ಇಣುಕಿದರು. ಹೆಂಚು ತೆಗೆದ ಕಂಡಿಯಿಂದ ಹೊಗೆ ಹೊರಗೆ ಹೋಗುವುದನ್ನು ನೋಡಿದರು. "ಓಟ ಹಾಳಾಗಿ ಹೋಗ್ಲಿ," ಎಂದರು, "ಇಲ್ಲಿ ನನ್ನ ಕೂಸಿಗೆ ಉಸಿರಾಡಿಕೆ ಜಾಗ ಉಟ್ಟು."

ಮೋರಿಕಟ್ಟೆಯಿಂದ ಎದ್ದು ಮನೆಗೆ ಬಂದರೆ ಹೆಂಡತಿ ಒಗ್ಗರಣೆಗೆ ಒಣಮೆಣಸು ಹಾಕಿ ಕೆಮ್ಮುತ್ತಿದ್ದಳು. ದಿನಾ ಕೇಳುವ ಕೆಮ್ಮು. ಬಸ್ಸನ್ನು ಬೈಯಲು ತೆರೆದ ಬಾಯಿ ಮುಚ್ಚಿಕೊಂಡು, ತುಕ್ಕು ಹಿಡಿದ ಅಡುಗೆಮನೆ ಕಿಟಕಿಯನ್ನು ಗುದ್ದಿ ತೆರೆದೆ.

"ಎಂಥ ಆಯ್ತು ನಿಮಗೆ?" ಎಂದಳು.

"ಇವತ್ತು ವಾಕಿಂಗಿಗೆ ನೀನು ಹೋಗು," ಎಂದು ಸೌಟಿಗೆ ಕೈ ಚಾಚಿದೆ.