ಲೈನರ್ ಹೊಡೆಯುವ ಮುಂಚೆ ಚಿಮುಕಿಸಿದ ನೀರು

ಮದುವೆ, ಮುಂಜಿ, ಆರಾಧನೆಗಳಿಗೆ ಅಡುಗೆ ಮಾಡುವುದು ನನ್ನ ಕಸುಬು. ಮನೆ ಚಿತ್ತಾಪುರದಲ್ಲಿ. ಸೇಡಂನಿಂದ ವಾಡಿಯವರೆಗೆ ಯಾರು ಕರೆದರೂ ಹೋಗುತ್ತೇನೆ. ಸಾರಿಗೆ ಉಪ್ಪು ಕಡಿಮೆ ಎಂದರೆ ಸುಮ್ಮನಿರುತ್ತೇನೆ. ಮಡಿ ಸರಿಯಿಲ್ಲ ಎಂದರೆ ಮಾತ್ರ ಸೌಟು ಕೆಳಗಿಟ್ಟು ಮನೆಗೆ ನಡೆಯುತ್ತೇನೆ. ಈ ಸಿಟ್ಟಿನ ಬಗ್ಗೆ ನನ್ನ ಹೆಂಡತಿಗೆ ಬೇರೆಯೇ ಅಭಿಪ್ರಾಯವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ಪಾತ್ರೆ ಸಾಗಿಸಲು ಒಂದು ಹಳೆಯ ಸರಕಿನ ವ್ಯಾನು ಕೊಂಡೆ. ನನ್ನ ಕೈಗೆ ಬರುವ ಮುಂಚೆ ಅದು ಚಿಂಚೋಳಿ ಕಡೆ ಕೋಳಿ ಹೊತ್ತು ತಿರುಗುತ್ತಿತ್ತು. ಇದು ಗೊತ್ತಾದದ್ದು ಕೊಂಡ ಮೇಲೆ. ಸೋಪು, ಸುಣ್ಣ, ಬೇವಿನೆಲೆ ಎಲ್ಲ ಹಾಕಿ ತೊಳೆದೆ. ವ್ಯಾನಿನಿಂದ ವಾಸನೆ ಹೋಯಿತು, ನನ್ನ ತಲೆಯಿಂದ ಕೋಳಿ ಹೋಗಲಿಲ್ಲ. ಅದರ ಜೊತೆಗೆ ದೊಡ್ಡ ಹಂಡೆಗಳು ಉಜ್ಜಿ ಉಜ್ಜಿ ನೆಲದ ತಗಡು ತುಕ್ಕು ಹಿಡಿಯತೊಡಗಿತು. ಶಹಾಬಾದದಲ್ಲಿ ಒಬ್ಬ ಸ್ಪ್ರೇ ಗನ್ನಿನಿಂದ ರಬ್ಬರಿನಂಥ ಲೇಪ ಹೊಡೆಯುತ್ತಾನೆ, ಲೈನರ್ ಅಂತಾರೆ, ಒಮ್ಮೆ ಹೊಡೆದರೆ ತಗಡಿಗೆ ಗೀರೂ ಇಲ್ಲ ತುಕ್ಕೂ ಇಲ್ಲ ಎಂದು ಯಾರೋ ಹೇಳಿದರು. ಒಂದು ದಿನ ಬೆಳಿಗ್ಗೆ ವ್ಯಾನು ತೆಗೆದುಕೊಂಡು ಹೋದೆ.

ಅವನು ನನ್ನ ವಯಸ್ಸಿನವನೇ. ಇಪ್ಪತ್ತು ವರ್ಷ ಕಲ್ಲಿಗೆ ಪಾಲಿಶ್ ಹಾಕಿ, ಧೂಳಿನಿಂದ ಕೆಮ್ಮು ಅಂಟಿಸಿಕೊಂಡು, ಆ ಕೆಲಸ ಬಿಟ್ಟು ಈ ಶೆಡ್ಡು ಹಾಕಿದ್ದ.

"ಅಲ್ಲಿ ಒರಟ ಕಲ್ಲು ನುಣುಪ ಮಾಡ್ತಿದ್ದೆ, ಇಲ್ಲಿ ನುಣುಪ ತಗಡು ಒರಟ ಮಾಡಾಕತ್ತೀನಿ ನೋಡ್ರಿ" ಎಂದ. ನುಣುಪಿದ್ದರೆ ಲೇಪ ಹಿಡಿಯುವುದಿಲ್ಲವಂತೆ.

ಬೆಳಿಗ್ಗೆಯಿಡೀ ವ್ಯಾನಿನೊಳಗೆ ಕುಕ್ಕರಗಾಲಲ್ಲಿ ಕುಳಿತು ಮರಳುಕಾಗದದಿಂದ ನೆಲ ತಿಕ್ಕಿದ. ತಿನ್ನರ್ ಹಚ್ಚಿದ ಬಟ್ಟೆಯಿಂದ ಒರೆಸಿದ. ಲೇಪ ತಾಗಬಾರದ ಕಡೆಗೆಲ್ಲ ಪೇಪರು ಅಂಟಿಸಿದ. ನಡುನಡುವೆ ಕೆಮ್ಮುತ್ತ ಇನ್ನೊಂದು ವಿಷಯವನ್ನೂ ಹೇಳಿದ. ವಾಡಿಯ ಒಬ್ಬ ಸಾಹುಕಾರರ ಬಳಿ ಇಂಥ ವ್ಯಾನುಗಳು ಬಹಳ ಇವೆ, ಅವರು ಸಂಜೆ ನನ್ನ ವ್ಯಾನು ನೋಡಲು ಬರುವವರಿದ್ದರು.

"ನಿಮ್ಮ ಗಾಡಿ ಛಲೋ ಬಂತಂದ್ರ ಅವೆಲ್ಲಾ ನನಗs ಕೊಡ್ತಾರ. ಇಲ್ಲಂದ್ರ ಶೆಡ್ ಮುಚ್ಚಿ ಮತ್ತ ಕಲ್ಲಿನ ಧೂಳಾಗs ಹೋಗಬೇಕ್ರಿ."

ಮಧ್ಯಾಹ್ನ ಎದ್ದು ಕೈ ಒರೆಸಿಕೊಂಡ. "ಈಗ ಯಾರೂ ಒಳಗ ಕೈ ಹಚ್ಚಬ್ಯಾಡ್ರಿ. ನಾ ಉಂಡು ಬಂದ ಕೂಡ್ಲೆ ಹೊಡಿತೀನಿ" ಎಂದು ಮನೆಗೆ ಹೋದ.

ಶೆಡ್ಡಿನಲ್ಲಿ ನಾನೊಬ್ಬನೇ ಉಳಿದೆ. ಆ ಲೇಪ ಒಮ್ಮೆ ಬಿದ್ದರೆ ಅಡಿಯಲ್ಲಿ ಇರುವುದೆಲ್ಲ ಶಾಶ್ವತವಾಗಿ ಅಲ್ಲೇ ಉಳಿಯುತ್ತದೆ ಎಂಬ ಯೋಚನೆ ಬಂತು. ತಾಮ್ರದ ತಂಬಿಗೆಯಲ್ಲಿ ಮನೆಯಿಂದ ತಂದ ನೀರಿತ್ತು, ತುಳಸಿಯೂ ಇತ್ತು. ಹಿಂದಿನ ಬಾಗಿಲು ತೆಗೆದು, ಮಂತ್ರ ಹೇಳಿ ಚಿಮುಕಿಸಿದೆ. ಕೈ ಸ್ವಲ್ಪ ಧಾರಾಳವಾಯಿತು. ನೀರು ತಗಡಿನ ಗೆರೆಗಳಲ್ಲಿ ಹರಿದು ಮುಂದಿನ ಮೂಲೆಗೆ ಹೋಯಿತು. ಹೆಗಲ ಮೇಲಿನ ವಸ್ತ್ರದಿಂದ ಒರೆಸಿದೆ, ಆರಿತು ಅಂದುಕೊಂಡೆ. ತೊಳೆದು ಶುದ್ಧ ಮಾಡುವುದೇ ನಮ್ಮ ಬದುಕು. ನೀರಿನಿಂದ ಏನಾದರೂ ಕೆಡುತ್ತದೆ ಎಂಬುದು ನಮ್ಮ ಕುಲಕ್ಕೇ ಗೊತ್ತಿಲ್ಲದ ವಿಷಯ.

ಅವನು ಬಂದ. ಗನ್ನಿಗೆ ಗಾಳಿ ಕೊಡುವ ಕಂಪ್ರೆಸರು ಚಾಲೂ ಮಾಡಿ, ಮುಖಕ್ಕೆ ದೊಡ್ಡ ಮಾಸ್ಕು ಹಾಕಿಕೊಂಡು ಗನ್ನು ಹಿಡಿದ. ಕಪ್ಪು ಲೇಪ ಗೋಡೆಯಿಂದ ಗೋಡೆಗೆ ಸಮವಾಗಿ ಬಿತ್ತು. ಕೆಲಸಗಾರ, ಒಪ್ಪಿಕೊಂಡೆ.

ಸಂಜೆ ವಾಡಿಯ ಸಾಹುಕಾರರು ಬಂದು ಒಳಗೆ ಬಗ್ಗಿ ನೋಡಿದರು. ಮುಂದಿನ ಮೂಲೆಯಲ್ಲಿ ಲೇಪ ಪೂರಿಯ ಹಾಗೆ ಉಬ್ಬಿತ್ತು, ಅಂಗೈ ಅಗಲ ನಾಲ್ಕೈದು ಕಡೆ. ಅವನು ಚಾಕುವಿನಿಂದ ಒಂದನ್ನು ಸೀಳಿದ. ಅಡಿಯ ತಗಡಿಗೆ ಬೆರಳು ಹಚ್ಚಿ ನೋಡಿದ, ಬೆರಳು ಒದ್ದೆಯಾಯಿತು.

"ಪಸಿ ಅದರಿ" ಎಂದ ಮೆಲ್ಲಗೆ. "ಕಂಪ್ರೆಸರಿನ್ಯಾಗ ನೀರು ಕುಂತಿರಬೇಕು. ಮುಂಜಾನಿ ಅದನ್ನ ಹೊರಗ ಬಿಟ್ಟೀನಿ ಅನ್ಕೊಂಡಿದ್ದೆ, ಮರ್ತೀನಿ ಕಾಣ್ತದ. ತಪ್ಪು ನಂದೇ ಅದ."

"ಆಯ್ತು, ನೋಡೋಣು" ಎಂದು ವಾಡಿಯವರು ಹೊರಟರು. ನಮ್ಮ ಕಡೆ ನೋಡೋಣು ಎಂದರೆ ಇಲ್ಲ ಎಂದೇ ಅರ್ಥ.

ಯಾರೂ ನನ್ನನ್ನು ಕೇಳಿರಲಿಲ್ಲ. ಆದರೂ ನನ್ನ ಕೈ ಹೆಗಲ ವಸ್ತ್ರಕ್ಕೆ ಹೋಯಿತು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ. ಸುಮ್ಮನಿದ್ದರೆ ಸಾಕು, ಕಂಪ್ರೆಸರು ಬಾಯಿ ಬಿಟ್ಟು ಹೇಳುವುದಿಲ್ಲ. ಸಾಹುಕಾರರು ನಾಲ್ಕು ಹೆಜ್ಜೆ ಹೋಗುವಷ್ಟು ಹೊತ್ತು ಸುಮ್ಮನಿದ್ದೆ ಕೂಡ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅಷ್ಟರಲ್ಲಿ ಅವನಿಗೆ ಕೆಮ್ಮು ಬಂತು, ಕಂಬ ಹಿಡಿದು ಕೆಮ್ಮಿದ.

"ನಿಂದರ್ರಿ" ಎಂದೆ ವಾಡಿಯವರಿಗೆ. "ಇವರ ತಪ್ಪಲ್ಲ. ನೀರು ನಾ ಹಾಕೀನಿ. ಕೋಳಿ ಗಾಡಿ ಅಂತ ಶುದ್ಧ ಮಾಡ್ಲಿಕ್ಕೆ ತುಳಸಿ ನೀರು ಚಿಮುಕಿಸೀನಿ."

ಅವರು ಹೊಟ್ಟೆ ಹಿಡಿದು ನಕ್ಕರು. "ಏನ್ರಿ ಆಚಾರ್ರೆ, ಗಾಡಿಗಿ ಮುಂಜಿ ಮಾಡಿದ್ರೇನು?" ಮತ್ತೆ ಒಳಗೆ ಹತ್ತಿ, ಉಳಿದ ನೆಲದ ಮೇಲೆ ಜಾಕಿನ ರಾಡು ಎಳೆದು ನೋಡಿದರು. ಗೀರು ಬೀಳಲಿಲ್ಲ. ಸೋಮವಾರ ಮೊದಲ ವ್ಯಾನು ಕಳಿಸುತ್ತೇನೆ ಎಂದು ಹೇಳಿ ಹೋದರು. ನನಗೆ ಹಗುರಾಯಿತು.

ಅವನು ಮಾತ್ರ ನಕ್ಕಿರಲಿಲ್ಲ.

"ಕೋಳಿ ಸುದ್ದಿ ನಿಮಗ ಮೊದಲs ಗೊತ್ತಿತ್ತಲ್ರಿ" ಎಂದ. "ಮನ್ಯಾಗs ನೀರು ಹಾಕಿ ತರಬೌದಿತ್ತು. ನಾ ಮುಂಜಾನಿಂದ ಒಳಗ ಕುಂತು ತಿಕ್ಕಿದ ಮ್ಯಾಲ, ನಾ ಉಣ್ಣಾಕ ಹ್ವಾದ ಮ್ಯಾಲ ಯಾಕ ಹಾಕಿದ್ರಿ?"

ಅವನ ಜಾತಿ ನಾನು ಕೇಳಿರಲಿಲ್ಲ. ನಮ್ಮ ಕಡೆ ಕೇಳುವ ಅಗತ್ಯ ಬೀಳುವುದಿಲ್ಲ, ಗೊತ್ತಿರುತ್ತದೆ. ಕೋಳಿಯ ನೆಪವನ್ನು ನಾನು ಅವರಿಬ್ಬರಿಗೆ ಮಾತ್ರವಲ್ಲ, ಮಧ್ಯಾಹ್ನ ತಂಬಿಗೆ ಎತ್ತುವಾಗ ನನಗೂ ಹೇಳಿಕೊಂಡಿದ್ದೆ.

ಅವನು ಮರಳುಕಾಗದ ಹರಿದು ಅರ್ಧ ನನ್ನ ಕೈಗೆ ಕೊಟ್ಟು, "ಬರ್ರಿ, ಆ ಮೂಲಿ ಮತ್ತ ತಿಕ್ಕಬೇಕು" ಎಂದು ಒಳಗೆ ಹತ್ತಿದ. ನಾನೂ ಹತ್ತಿದೆ. ಮೂಲೆ ಸಣ್ಣದು, ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಉಬ್ಬಿದ ಲೇಪ ಪೂರ್ತಿ ಏಳುವವರೆಗೆ ಇಬ್ಬರೂ ತಿಕ್ಕಿದೆವು.

"ಕೋಳಿ ಸಲುವಾಗಿ ಅಲ್ರಿ" ಎಂದೆ ಕೊನೆಗೆ.

"ಗೊತ್ತದರಿ" ಎಂದ ಅವನು, ತಿಕ್ಕುವುದನ್ನು ನಿಲ್ಲಿಸದೆ.